ಸೀಸದ ತಲೆ, ಪ್ಲಾಸ್ಟಿಕ್ ಬಾಲ

ಕಂಪ್ಲಿ ತಾಲ್ಲೂಕಿನ ಮೆಟ್ರಿಯ ಆಸುಪಾಸಿನ ಒಂದು ಕೆರೆಯ ಏರಿ. ಹೊತ್ತು ಇಳಿಯುತ್ತಿತ್ತು. ತರುಣನೊಬ್ಬನು ಹೊಚ್ಚ ಹೊಸ ಗಾಳದ ಕೋಲನ್ನು ಹಿಡಿದು ನಿಂತಿದ್ದನು. ದಾರದ ತುದಿಯಲ್ಲಿ ಎರೆಹುಳುವಿರಲಿಲ್ಲ, ಕಪ್ಪೆಯೂ ಇರಲಿಲ್ಲ. ಗೋಲಿಯಂಥ ಸೀಸದ ಗುಂಡು, ಅದರ ಹಿಂದೆ ಬಳುಕುವ ಪ್ಲಾಸ್ಟಿಕ್ಕಿನ ಹಸುರು ಮೀನು. ಒಂದು ಗಂಟೆಯಿಂದ ಎಸೆಯುತ್ತಿದ್ದರೂ ಅದು ಪ್ರತಿ ಸಲವೂ ಒಂದು ಹಿಡಿ ಪಾಚಿಯನ್ನೇ ಹೊತ್ತು ತರುತ್ತಿತ್ತು. ಪಕ್ಕದಲ್ಲಿ ಬಿದಿರಿನ ಕೋಲು ಹಿಡಿದು ಕುಳಿತಿದ್ದ ಮುದುಕನು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ತಾಳಲಾರದೆ ನುಡಿದನು:

“ತಮ್ಮಾ, ನಿನ್ನ ಮೀನು ಈಜಂಗಿಲ್ಲ, ಕಲ್ಲಿನಂಗ ಮುಳುಗ್ತೈತಿ. ಕಲ್ಲು ತಿನ್ನೋ ಮೀನು ಈ ಕೆರ್ಯಾಗ ಇಲ್ಲ.”

“ಹಂಗಾದ್ರ ಏನು ಮಾಡ್ಲಿ, ತಾತ?”

“ಭಾರ ಇಳಸು.”

ಈ ಎರಡು ಮಾತುಗಳಲ್ಲಿ ಒಂದು ವಿದ್ಯೆಯ ಸಾರವೇ ಅಡಗಿದೆಯೆಂದರೆ ಓದುಗರು ಉತ್ಪ್ರೇಕ್ಷೆಯೆಂದು ತಿಳಿಯಬಾರದು.

ದೂರದೇಶದ ಆಟಿಕೆ

ಸೀಸದ ತಲೆಯ ಈ ಗಾಳಕ್ಕೆ ಜಿಗ್ ಹೆಡ್ ಎಂದು ಹೆಸರು. ಇದಕ್ಕೆ ಮೆದು ಪ್ಲಾಸ್ಟಿಕ್ಕಿನ ಹುಳುವನ್ನೋ ಮೀನನ್ನೋ ತೊಡಿಸಿ ಎಸೆಯುವ ಪದ್ಧತಿ ಅಮೆರಿಕದಲ್ಲಿ ಬ್ಯಾಸ್ ಎಂಬ ಮೀನಿನ ಬೇಟೆಯಲ್ಲಿ ಬಹುವಾಗಿ ಬೆಳೆಯಿತು. ಓಹಿಯೋ ಸಂಸ್ಥಾನದ ಆಕ್ರನ್ ನಗರದಲ್ಲಿ ನಿಕ್ ಕ್ರೀಮ್ ಎಂಬಾತನು 1949ರಲ್ಲಿ ತನ್ನ ಹೆಂಡತಿಯೊಡನೆ ಮನೆಯ ಒಲೆಯ ಮೇಲೆಯೇ ಪ್ಲಾಸ್ಟಿಕ್ಕನ್ನು ಕರಗಿಸಿ ಎರೆಹುಳುವಿನ ಅಚ್ಚು ತೆಗೆದನು. ಆ ಹುಳುವಿನ ಸಂತತಿಯೇ ಇಂದು ಅಂಚೆಯ ಪೊಟ್ಟಣಗಳಲ್ಲಿ ನಮ್ಮ ಹಳ್ಳಿಗಳಿಗೂ ಬಂದಿದೆ.

ಆದರೆ ಬ್ಯಾಸ್ ಮೀನು ತುಂಗಭದ್ರೆಯದಲ್ಲ. ಅದು ಇಲ್ಲಿಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಗ್ವಾಟೆಮಾಲದ ಅಟಿಟ್ಲಾನ್ ಸರೋವರದಲ್ಲಿ 1958ರ ಸುಮಾರಿಗೆ ಬೇಟೆಗಾರರ ಸಂತೋಷಕ್ಕಾಗಿ ಇದನ್ನು ತಂದು ಬಿಟ್ಟರು. ಅದು ಅಲ್ಲಿಯ ಮೀನು, ಏಡಿಗಳನ್ನೆಲ್ಲ ನುಂಗಿತು. ಆ ಸರೋವರದಲ್ಲಲ್ಲದೆ ಬೇರೆಲ್ಲಿಯೂ ಇರದಿದ್ದ ಒಂದು ಜಾತಿಯ ಮುಳುಗುಹಕ್ಕಿ ಅಳಿದುಹೋದುದಕ್ಕೆ ಈ ಮೀನೂ ಒಂದು ಕಾರಣವಾಯಿತು. ನಮ್ಮ ಕೆರೆಗಳಲ್ಲಿ ಬ್ಯಾಸ್‌ನ ಸ್ಥಾನದಲ್ಲಿ ಕೊರಮೀನು ಇದೆ. ಹಾವಿನಂಥ ತಲೆ, ಹೊಂಚು ಹಾಕುವ ಸ್ವಭಾವ, ಕಪ್ಪೆ ಮತ್ತು ಮರಿಮೀನುಗಳ ಮೇಲೆ ಸಿಡಿದೆರಗುವ ಹಸಿವು ಇದರ ಲಕ್ಷಣಗಳು. ತರುಣನು ಅರಸುತ್ತಿದ್ದುದು ಇದನ್ನೇ.

ಗುಂಡಿನ ತೂಕ

ಹೊಸಬರು ಮೊದಲು ಬಣ್ಣವನ್ನು ನೋಡುತ್ತಾರೆ. ಅನುಭವಿಗಳು ಮೊದಲು ತೂಕವನ್ನು ನೋಡುತ್ತಾರೆ. ಸೀಸದ ಗುಂಡಿಗೆ ಎರಡು ಕೆಲಸಗಳಿವೆ. ಹಗುರವಾದ ಎರೆಯನ್ನು ದೂರಕ್ಕೆ ಒಯ್ಯುವುದು ಒಂದು, ಅದನ್ನು ಬೇಕಾದ ಆಳಕ್ಕೆ ಇಳಿಸುವುದು ಇನ್ನೊಂದು. ಈ ಎರಡಕ್ಕೆ ಎಷ್ಟು ಬೇಕೋ ಅಷ್ಟೇ ಭಾರವಿರಬೇಕು. ಐದು ಅಡಿಗಿಂತ ಕಡಿಮೆ ಆಳದ ನಿಂತ ನೀರಿಗೆ ಮೂರೂವರೆ ಗ್ರಾಂ ಸಾಕು. ಹತ್ತು ಅಡಿಯವರೆಗೆ ಏಳು ಗ್ರಾಂ. ಗಾಳಿ ಜೋರಾಗಿದ್ದಾಗ, ನೀರಿಗೆ ಸೆಳೆತವಿದ್ದಾಗ ಹತ್ತರಿಂದ ಹದಿನಾಲ್ಕು ಗ್ರಾಂ. ನಮ್ಮ ತರುಣನು ನಾಲ್ಕು ಅಡಿ ನೀರಿನಲ್ಲಿ ಹದಿನಾಲ್ಕು ಗ್ರಾಂ ಕಟ್ಟಿದ್ದನು!

ಭಾರ ಇಳಿಸಿದರೆ ಆಗುವ ಲಾಭವೇನು? ಎರೆಯು ಮೆಲ್ಲಗೆ ಬೀಳುತ್ತದೆ, ಬೀಳುವಾಗ ಬಾಲ ಆಡುತ್ತದೆ. ಮೀನು ಎರಗುವುದು ಬಹುತೇಕ ಈ ಇಳಿಗಾಲದಲ್ಲಿಯೇ. ಆದುದರಿಂದ ಎಸೆದೊಡನೆ ದಾರವನ್ನು ನೋಡುತ್ತ ಒಂದು, ಎರಡು, ಮೂರು ಎಂದು ಎಣಿಸಬೇಕು. ಐದಕ್ಕೆ ತಳ ಮುಟ್ಟಬೇಕಾದುದು ಮೂರಕ್ಕೇ ನಿಂತರೆ ಅಥವಾ ದಾರ ಪಕ್ಕಕ್ಕೆ ಸರಿದರೆ ಅದನ್ನು ತಳವೆಂದು ಭ್ರಮಿಸಬಾರದು. ಅದು ಮೀನಿನ ಬಾಯಿ!

ತಲೆಯ ಆಕಾರ, ಗಾಳದ ಅಳತೆ

ದುಂಡು ತಲೆ ಬಯಲು ನೀರಿಗೆ ಎಲ್ಲ ಬಗೆಯಲ್ಲಿಯೂ ಒದಗುತ್ತದೆ. ಹಂಪೆಯ ಕಡೆಯ ಬಂಡೆಗಳಂಥ ಕಲ್ಲುತಳವಿದ್ದಲ್ಲಿ ದುಂಡು ಗುಂಡು ಸಂದಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅಡ್ಡಕ್ಕೆ ಅಗಲವಾದ ತಲೆಯೇ ಲೇಸು, ಅದು ಕಲ್ಲಿನ ಮೇಲೆ ಉರುಳಿ ಬರುತ್ತದೆ. ಜೊಂಡಿನ ನಡುವೆ ಚೂಪು ಮೂತಿಯ ತಲೆ ಬೇಕು. ದಾರ ಕಟ್ಟುವ ಕುಣಿಕೆ ಮೂತಿಯ ತುದಿಯ ಹತ್ತಿರವಿದ್ದಷ್ಟೂ ಅದು ಕಳೆಯನ್ನು ಬಾಚಿಕೊಳ್ಳುವುದು ಕಡಿಮೆ. ತಾವರೆ, ಜೊಂಡು ದಟ್ಟವಾಗಿದ್ದರೆ ಗಾಳದ ಮೊನೆಯನ್ನು ಪ್ಲಾಸ್ಟಿಕ್ಕಿನ ಮೈಯೊಳಗೇ ಅಡಗಿಸಿಡಬಹುದು. ಮೀನು ಕಚ್ಚಿದಾಗ ಮೆದು ಮೈ ಕುಗ್ಗಿ ಮೊನೆ ಹೊರಬರುತ್ತದೆ.

ಮೂರು ನಾಲ್ಕು ಅಂಗುಲದ ಎರೆಗೆ 1/0ರಿಂದ 3/0 ಅಳತೆಯ ಗಾಳ ಹೊಂದುತ್ತದೆ. ಎರೆಯ ಮೈದಪ್ಪಕ್ಕಿಂತ ಗಾಳದ ಬಾಯಿ ಅಗಲವಾಗಿರಲೇಬೇಕು. ಇಲ್ಲವಾದರೆ ಮೀನು ಕಚ್ಚೀತು, ಸಿಕ್ಕದು. ತೊಡಿಸುವ ಮೊದಲು ಗಾಳವನ್ನು ಎರೆಯ ಪಕ್ಕಕ್ಕಿಟ್ಟು ಮೊನೆ ಎಲ್ಲಿ ಹೊರಬರಬೇಕೆಂದು ಗುರುತು ಮಾಡಿಕೊಳ್ಳಿರಿ. ಮೈ ಒಂದಿಷ್ಟು ಸೊಟ್ಟಗಾದರೂ ಎಳೆಯುವಾಗ ಗಿರಗಿರನೆ ತಿರುಗಿ ದಾರವನ್ನು ಹೊಸೆದುಬಿಡುತ್ತದೆ. ಇನ್ನು ಬಣ್ಣದ ಮಾತು ಸಂಕ್ಷಿಪ್ತ: ತಿಳಿನೀರಿಗೆ ಮೀನಿನ ಸಹಜ ಬಣ್ಣ, ಮಳೆಗಾಲದ ಕೆನ್ನೀರಿಗೆ ಕಪ್ಪು.

ಸೀಸವು ವಿಷವೆಂಬುದನ್ನು ಮರೆಯಬಾರದು. ಗುಂಡನ್ನು ಹಲ್ಲಿನಿಂದ ಕಚ್ಚುವುದು, ಮನೆಯೊಳಗೆ ಸೀಸ ಕರಗಿಸುವುದು, ಮಕ್ಕಳ ಕೈಗೆ ಕೊಡುವುದು ಸಲ್ಲದು. ಟಂಗ್‌ಸ್ಟನ್ ಗುಂಡುಗಳೂ ಈಗ ದೊರೆಯುತ್ತವೆ. ಬೆಲೆ ಹೆಚ್ಚು, ಗಾತ್ರ ಕಿರಿದು.

ಎಲ್ಲಿ ಎಸೆಯಬಾರದು

ಎಲ್ಲಿ ಎಸೆಯಬೇಕೆಂಬುದಕ್ಕಿಂತ ಎಲ್ಲಿ ಎಸೆಯಬಾರದೆಂಬುದೇ ದೊಡ್ಡ ಪಾಠ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆಂದು ಮೀಸಲಿಡಲಾಯಿತು. ಮೀನೇ ನೀರುನಾಯಿಯ ಅನ್ನ. ಸಿಡಿಮದ್ದು ಹಾಕಿ ಮೀನು ಹಿಡಿಯುವವರಿಂದ ಅದಕ್ಕೆ ಬಂದ ಕೇಡು ಅಷ್ಟಿಷ್ಟಲ್ಲ. ಹರಿದ ದಾರವನ್ನು ದಡದಲ್ಲಿ ಬಿಟ್ಟುಹೋಗುವ ಗಾಳಗಾರನೂ ಆ ಪಾಪದಲ್ಲಿ ಕಿರುಪಾಲುದಾರನೇ. ಕೆರೆಯಾದರೆ ಅದರ ಮೀನಿನ ಹಕ್ಕು ಯಾರದೆಂದು ಕೇಳಿ, ಒಪ್ಪಿಗೆ ಪಡೆದೇ ಕೋಲು ಬಿಚ್ಚಬೇಕು.

ಅಂದಿನ ಸಂಜೆಗೆ ಮರಳೋಣ. ತರುಣನು ಮೂರೂವರೆ ಗ್ರಾಮಿನ ಗುಂಡನ್ನು ಕಟ್ಟಿ ಎಸೆದನು. ಎರಡನೆಯ ಎಸೆತಕ್ಕೆ ದಾರ ಪಕ್ಕಕ್ಕೆ ಸರಿಯಿತು, ಕೋಲು ಬಾಗಿತು, ತೋಳುದ್ದದ ಕೊರಮೀನು ದಡಕ್ಕೆ ಬಂದಿತು. ಅವನ ಸಂತೋಷಕ್ಕೆ ಎಣೆಯಿಲ್ಲ. ಅಷ್ಟರಲ್ಲಿ ಜೊಂಡಿನ ಅಂಚಿನಲ್ಲಿ ನೀರು ಕುದಿಯುವಂತೆ ಕದಲಿತು. ನೂರಾರು ಕೆಂಪು ಮರಿಗಳು ಉಸಿರಿಗಾಗಿ ಒಟ್ಟಾಗಿ ಮೇಲೇಳುತ್ತಿದ್ದವು. ಕೆಳಗೆ ಕರಿಯ ನೆರಳೊಂದು ಸುಳಿಯಿತು. ತರುಣನು ಆ ಕಡೆಗೆ ಕೋಲೆತ್ತಿದನು. ಮುದುಕನು ಅವನ ಕೈ ಹಿಡಿದನು.

“ಬ್ಯಾಡ ತಮ್ಮಾ. ಅದು ಹಸಿವಿಗೆ ಕಚ್ಚಂಗಿಲ್ಲ, ಮಕ್ಕಳ ಸಲುವಾಗಿ ಕಚ್ತೈತಿ.”

ಮಾತು ಅಕ್ಷರಶಃ ನಿಜ. ಕೊರಮೀನು ತನ್ನ ಮರಿಗಳನ್ನು ಕೆಲವು ವಾರಗಳ ಕಾಲ ಕಾಯುತ್ತದೆ. ಹತ್ತಿರ ಬಂದುದೇನಿದ್ದರೂ ಅದರ ಮೇಲೆ ಎರಗುತ್ತದೆ. ಆಗ ಅದನ್ನು ಹಿಡಿಯಲು ಯಾವ ಜಾಣತನವೂ ಬೇಡ, ಆದರೆ ಕಾವಲು ತಪ್ಪಿದ ಮರಿಗಳು ಕೊಕ್ಕರೆಗೂ ಬೇರೆ ಮೀನುಗಳಿಗೂ ತುತ್ತಾಗುತ್ತವೆ. ಒಂದು ಮೀನಿನ ಆಸೆಗೆ ಒಂದು ಸಂಸಾರವೇ ಅಳಿಯುತ್ತದೆ.

ತರುಣನು ಕ್ಷಣಕಾಲ ನಿಂತನು. ಆಮೇಲೆ ರೀಲನ್ನು ಸುತ್ತಿ, ಪಾಚಿಯಲ್ಲಿ ತೊಡರಿದ್ದ ದಾರದ ತುಂಡುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡನು. ಗುಂಡಿನ ಭಾರವನ್ನು ಇಳಿಸುವುದನ್ನು ಅವನು ಐದು ನಿಮಿಷದಲ್ಲಿ ಕಲಿತಿದ್ದನು. ಆಸೆಯ ಭಾರವನ್ನು ಇಳಿಸುವುದನ್ನೂ ಅದೇ ಸಂಜೆ ಕಲಿತುದು ಅವನ ಭಾಗ್ಯ.