ನಾರಾಯಣಪುರದ ಕಾಲುಹಾದಿಗಳು

ಆಲಮಟ್ಟಿಯಿಂದ ನೀರು ಬಿಟ್ಟಿದ್ದಾರೆ ಎಂಬ ಸುದ್ದಿ ಬಂದರೆ ಸಾಕು, ಮರುದಿನ ನಾರಾಯಣಪುರದ ರಸ್ತೆ ಬೈಕು, ಜೀಪು, ಟಂಟಂಗಳಿಂದ ತುಂಬಿಬಿಡುತ್ತದೆ. ಇಲ್ಲಿನ ಬಸವಸಾಗರ ಅಣೆಕಟ್ಟೆಯ ಗೇಟುಗಳಿಂದ ಧುಮುಕುವ ಕೃಷ್ಣೆಯನ್ನು ನೋಡುವುದು, ಫೋಟೊ ತೆಗೆಸಿಕೊಳ್ಳುವುದು, ಬಿಸಿ ಮಿರ್ಚಿ ಭಜಿ ತಿಂದು ಹೊತ್ತು ಮುಳುಗುವುದರೊಳಗೆ ಊರು ಸೇರುವುದು. ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಎಷ್ಟೋ ಜನರಿಗೆ ನಾರಾಯಣಪುರ ಎಂದರೆ ಇಷ್ಟೇ. ಆ ನೋಟ ದೊಡ್ಡದು, ಅನುಮಾನವಿಲ್ಲ. ಹತ್ತು ಕಿಲೋಮೀಟರ್ ಮೀರಿದ ಉದ್ದದ ಕಟ್ಟೆ, 30 ಗೇಟು, 492.25 ಮೀಟರ್ ಮಟ್ಟದವರೆಗೆ ನಿಲ್ಲುವ 33 ಟಿಎಂಸಿ ಅಡಿ ನೀರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಭಾಗವಾಗಿ ಇಲ್ಲಿನ ಕಟ್ಟೆ 1982ರಲ್ಲಿ ಮುಗಿಯಿತು. ಆದರೆ ಈ ಸೀಮೆಯ ನಿಜವಾದ ಸಿರಿ ಇರುವುದು ಗಾಡಿಗಳು ತಿರುಗಿಕೊಂಡು ಹೋಗುವ ಜಾಗದಿಂದ ಆಚೆಗೆ. ಅಲ್ಲಿಗೆ ಕಾಲ್ನಡಿಗೆಯಲ್ಲೇ ಹೋಗಬೇಕು.

ಮೊದಲ ಹಾದಿ ಹೊಳೆಯ ಪಕ್ಕದ್ದು. ಕಟ್ಟೆ ದಾಟಿದ ಕೃಷ್ಣೆ ಕೆಳಗೆ ಬಂಡೆಗಳ ನಡುವೆ ಸಿಕ್ಕಿಕೊಳ್ಳುತ್ತಾಳೆ. ಇಲ್ಲಿಂದ ಜಲದುರ್ಗದವರೆಗಿನ ಹರಿವನ್ನು ವರ್ಣಿಸುವಾಗ ಹಳೆಯ ಗೆಜೆಟಿಯರ್‌ಗಳು, ಜಲದುರ್ಗದ ಬಳಿ ನದಿ ಮೂರು ಮೈಲಿಯೊಳಗೆ ಸುಮಾರು ನಾನೂರು ಅಡಿ ಇಳಿಯುತ್ತದೆ ಎನ್ನುತ್ತವೆ. ದಖನ್ನಿನ ಎತ್ತರದ ಬಯಲನ್ನು ಬಿಟ್ಟು ರಾಯಚೂರಿನ ತಗ್ಗಿಗೆ ಇಳಿಯುವ ಮೆಟ್ಟಿಲು ಇದು. ಈ ಬಂಡೆಗಳ ನಡುವೆ ಛಾಯಾ ಭಗವತಿಯ ಗುಡಿ ಇದೆ. ಸೂರ್ಯನ ತಾಪ ತಾಳಲಾರದ ಹೆಂಡತಿ ತನ್ನ ನೆರಳನ್ನೇ ಹೆಣ್ಣಾಗಿಸಿ ಗಂಡನ ಬಳಿ ಬಿಟ್ಟುಹೋದಳು ಎಂಬ ಪುರಾಣದ ಆ ನೆರಳೇ ಛಾಯಾದೇವಿ. ಬೇಸಿಗೆಯಲ್ಲಿ ಬಂಡೆ ಕಾದು ಕೆಂಡವಾಗುವ ಈ ನಾಡಿನಲ್ಲಿ ಜನ ನೆರಳನ್ನು ತಾಯಿಯೆಂದು ಕರೆದು ಕೈಮುಗಿದಿದ್ದಾರೆ. ಬಿಸಿಲಿನ ಅರಿವಿದ್ದವರ ಭಕ್ತಿ ಅದು. ಮಳೆಗಾಲದಲ್ಲಿ ಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಗುಡಿ ಹೊಳೆಯೊಳಗೆ ಹೋಗಿಬಿಡುತ್ತದೆ. ನೀರು ಇಳಿದ ಮೇಲೆ ಜನ ಕೆಸರು ತೊಳೆದು ಮತ್ತೆ ಪೂಜೆಗೆ ನಿಲ್ಲುತ್ತಾರೆ.

ಇದೇ ಹೊಳೆಯ ಕೆಳಗೆ ಗಡ್ಡಿಗಳಿವೆ. ಗಡ್ಡಿ ಎಂದರೆ ನಡುನೀರಿನ ಊರು. ಕಕ್ಕೇರಾ ಕಡೆಯ ನೀಲಕಂಠರಾಯನಗಡ್ಡಿಯ ಹೆಸರು ಪ್ರವಾಹದ ಸುದ್ದಿಯಲ್ಲಿ ಆಗಾಗ ಬರುತ್ತದೆ. ನೀರು ಇಳಿದಿರುವಾಗ ಅಲ್ಲಿನವರು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುತ್ತಿದ್ದರು. ನೀರು ಏರಿದರೆ ದಾರಿಯೇ ಇರಲಿಲ್ಲ. 2013ರಲ್ಲಿ ಈ ಗಡ್ಡಿಯ ಒಬ್ಬ ತುಂಬು ಬಸುರಿ, ಹೆರಿಗೆಗೆ ದವಾಖಾನೆ ಹತ್ತಿರವಿರಲಿ ಎಂದು ಮೈಗೆ ಒಣಗಿದ ಕುಂಬಳದ ಬುರುಡೆ ಕಟ್ಟಿಕೊಂಡು ತುಂಬಿದ ಹೊಳೆಯನ್ನು ಈಜಿ ದಾಟಿದಳು. ಹವ್ಯಾಸಕ್ಕೆಂದು ನಡೆಯಲು ಬಂದವರು ಈ ದಂಡೆಯಲ್ಲಿ ನಿಂತಾಗ ಆಕೆಯನ್ನು ನೆನೆಯಲೇಬೇಕು. ನಮಗೆ ವಿಹಾರವಾದ ಹಾದಿ ಇಲ್ಲಿನವರಿಗೆ ಬದುಕಿನ ದಾರಿ.

ಕಾಲುವೆಯ ಏರಿಯ ಮೇಲಿನ ನಡಿಗೆ ಬೇರೆ ತರಹದ್ದು, ಸುಲಭದ್ದು. ಎಡದಂಡೆ ಕಾಲುವೆ ಹುಣಸಗಿ, ಸುರಪುರ, ಶಹಾಪುರದ ಹೊಲಗಳ ಬಣ್ಣವನ್ನೇ ಬದಲಿಸಿದೆ. ಒಂದು ಬದಿಗೆ ಭತ್ತದ ಗದ್ದೆ, ನೀರು ಏರದ ಇನ್ನೊಂದು ಬದಿಗೆ ತೊಗರಿ, ಜೋಳ. ಎರಡು ಕಾಲದ ಬೇಸಾಯವನ್ನು ಹೀಗೆ ಅಕ್ಕಪಕ್ಕದಲ್ಲಿ ನೋಡಬೇಕೆಂದರೆ ಏರಿಯ ಮೇಲೆ ಒಂದು ಮುಂಜಾನೆ ನಡೆದರೆ ಸಾಕು.

ಕೊಡೇಕಲ್ ಕಡೆ ತಿರುಗಿದರೆ ನೆಲ ಗುಡ್ಡವಾಗುತ್ತದೆ. ಕಾಲಜ್ಞಾನದ ಕೊಡೇಕಲ್ ಬಸವಣ್ಣನ ಊರು ಇದು. ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲದೆ ಜನ ನಡೆದುಕೊಳ್ಳುವ ಗದ್ದುಗೆ ಇಲ್ಲಿದೆ. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನದೂ ಇದೇ ಪರಂಪರೆ. ಭಕ್ತರ ಕಾಲು ಸವೆಸಿದ ಹಾದಿಗಳು ಇವೆರಡರ ಸುತ್ತ ಜೇಡನ ಬಲೆಯಂತೆ ಹರಡಿವೆ. ಕೊಡೇಕಲ್ಲಿನಲ್ಲಿ ಅದಕ್ಕೂ ಹಿಂದಿನದೊಂದು ಗುರುತಿದೆ: ಬೂದಿದಿಬ್ಬ. ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ದನ ಕಾಯುತ್ತಿದ್ದ ಜನ ದೊಡ್ಡಿಯ ಸಗಣಿಯನ್ನು ರಾಶಿ ಹಾಕಿ ಸುಟ್ಟದ್ದರಿಂದ ಎದ್ದ ದಿಬ್ಬ. ಅದೇ ಸೀಮೆಯ ರಾಜನಕೋಳೂರಿನಲ್ಲಿ ಚಪ್ಪಡಿ ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳಿವೆ. ಜನ ಇವನ್ನು ಮೋರೇರ ಮನಿ ಎನ್ನುತ್ತಾರೆ. ಬೃಹತ್ ಶಿಲಾಯುಗದವರ ಗೋರಿಗಳವು.

ಇವನ್ನು ಹೊರಜಗತ್ತಿಗೆ ತಿಳಿಸಿದ್ದು ಒಬ್ಬ ಇಂಗ್ಲಿಷ್‌ನವನು, ಫಿಲಿಪ್ ಮೆಡೋಸ್ ಟೇಲರ್. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದು, ಬಾಲಕ ರಾಜಾ ವೆಂಕಟಪ್ಪ ನಾಯಕನ ಕಾಲದಲ್ಲಿ ಆಡಳಿತ ನಡೆಸಿದವನು. ರಾಜಕುಮಾರ ಅವನನ್ನು ಅಪ್ಪಾ ಎನ್ನುತ್ತಿದ್ದ. ಅವನ ಟೇಲರ್ ಮಂಜಿಲ್ ಇವತ್ತಿಗೂ ಸುರಪುರದ ಗುಡ್ಡದ ಮೇಲಿದೆ. ಕಚೇರಿ ಕೆಲಸದ ನಡುವೆಯೇ ಅವನು ಈ ಸೀಮೆಯ ಗೋರಿಕಲ್ಲುಗಳನ್ನು ಹುಡುಕಿ, ಅಳೆದು, ಚಿತ್ರ ಬರೆದು, 1850ರ ದಶಕದ ಆರಂಭದಲ್ಲೇ ಅವುಗಳ ಬಗ್ಗೆ ಬರೆದ. ತನ್ನ ನಾಡಿನ ಬಯಲಿನ ಗೋರಿಕಲ್ಲುಗಳನ್ನು ಬಲ್ಲವನ ಕಣ್ಣಿಗೆ ಇವು ಬಿದ್ದದ್ದು ಸಹಜ. ಆದರೆ ಕಲ್ಲಿರುವ ಜಾಗ ತೋರಿಸಿದವರು ಇಲ್ಲಿನ ಕುರಿಗಾಹಿಗಳು, ರೈತರೇ ಇರಬೇಕು ಎಂದು ನನಗೆ ಅನಿಸುತ್ತದೆ. ಅವರ ಹೆಸರು ಯಾವ ಪುಸ್ತಕದಲ್ಲೂ ಉಳಿಯಲಿಲ್ಲ.

ನಡಿಗೆಯ ದೊಡ್ಡ ಫಲ ಸಿಕ್ಕಿದ್ದು ಹುಣಸಗಿಯಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1960ರ ದಶಕದಲ್ಲಿ ಸಂಶೋಧನೆಗೆಂದು ಈ ಸೀಮೆಗೆ ಬಂದವರು, ದಶಕಗಟ್ಟಲೆ ಬಿಡಲಿಲ್ಲ. ಕೊಡೇಕಲ್ಲಿನ ಬೂದಿದಿಬ್ಬವನ್ನು ಅಗೆದರು. ಮುಂದೆ ಸುರಪುರ ಕಡೆಯ ಬೂದಿಹಾಳದ ದಿಬ್ಬವನ್ನೂ ಅಗೆದರು. ಹುಣಸಗಿ ಮತ್ತು ಬೈಚಬಾಳ ಹಳ್ಳಗಳ ಬಯಲನ್ನು ಹೊಲ ಹೊಲ, ಒಡ್ಡು ಒಡ್ಡು ತಿರುಗಿ, ಹಳೆಯ ಶಿಲಾಯುಗದ ಇನ್ನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು. ಇಂಥ ಶೋಧಕ್ಕೆ ಯಾವ ಯಂತ್ರವೂ ನೆರವಾಗುವುದಿಲ್ಲ. ನೆಲ ನೋಡುತ್ತ ನಡೆಯಬೇಕು, ಕೈಕೊಡಲಿಗೂ ಬರೀ ಕಲ್ಲಿಗೂ ಇರುವ ವ್ಯತ್ಯಾಸ ಕಣ್ಣಿಗೆ ಗೊತ್ತಿರಬೇಕು.

ಈ ನೆಲೆಗಳಲ್ಲಿ ಇಸಾಂಪುರದ್ದು ಜಗತ್ತಿಗೇ ಗೊತ್ತಾಯಿತು. 1983ರಲ್ಲಿ ಕಂಡ ಈ ಜಾಗವನ್ನು ಪದ್ದಯ್ಯ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ತಂಡ 1997ರಿಂದ 2001ರವರೆಗೆ ಅಗೆಯಿತು. ಅದೊಂದು ಕಲ್ಲಿನ ಕಾರ್ಖಾನೆ. ನೆಲದಿಂದ ಎದ್ದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಬೇರೆಡೆಯಿಂದ ತಂದ ಗಟ್ಟಿ ಕಲ್ಲುಗುಂಡಿನಿಂದ ಹೊಡೆದು, ಚೂರು ಕೆತ್ತಿ, ಕೈಕೊಡಲಿ, ಸೀಳುಗತ್ತಿಗಳನ್ನು ಅಲ್ಲೇ ಮಾಡುತ್ತಿದ್ದರು. ಮುಗಿದ ಹತಾರು, ಅರ್ಧಕ್ಕೆ ಬಿಟ್ಟದ್ದು, ಹೊಡೆದ ಗುಂಡು, ಉದುರಿದ ಚಕ್ಕೆ, ಎಲ್ಲವೂ ಮಾಡಿದವರು ಬಿಟ್ಟುಹೋದ ಜಾಗದಲ್ಲೇ ಇದ್ದವು. ಅಲ್ಲಿ ಸಿಕ್ಕ ಪ್ರಾಣಿಹಲ್ಲುಗಳ ಪರೀಕ್ಷೆ ಕೊಟ್ಟ ಕಾಲ ಸುಮಾರು 12 ಲಕ್ಷ ವರ್ಷ. ಭಾರತದ ಅತಿ ಹಳೆಯ ಮಾನವ ನೆಲೆಗಳ ಸಾಲಿನಲ್ಲಿ ಹುಣಸಗಿ ಸೀಮೆಯ ಹೆಸರು ನಿಂತದ್ದು ಹೀಗೆ. ಪದ್ದಯ್ಯನವರಿಗೆ 2012ರಲ್ಲಿ ಪದ್ಮಶ್ರೀ ಬಂತು.

ಅವರು ಕಟ್ಟಿಕೊಟ್ಟ ಚಿತ್ರ ನನಗೆ ತುಂಬ ಇಷ್ಟ. ಮಳೆಗಾಲದಲ್ಲಿ ಬಯಲೆಲ್ಲ ನೀರು, ಗೆಡ್ಡೆಗೆಣಸು, ಹಣ್ಣು ಇರುತ್ತಿದ್ದುದರಿಂದ ಆದಿಮಾನವರು ಸಣ್ಣ ಗುಂಪುಗಳಾಗಿ ಚದುರುತ್ತಿದ್ದರು. ಬೇಸಿಗೆಯಲ್ಲಿ ಬತ್ತದ ಒರತೆಗಳಿರುವ ಹುಣಸಗಿ ಹಳ್ಳದ ದಂಡೆಗೆ ಬಂದು ಒಟ್ಟಾಗುತ್ತಿದ್ದರು. ವರ್ಷವಿಡೀ ನಡಿಗೆ, ನೀರಿನ ಹಿಂದೆ. ಇಂದು ಕುರಿಮಂದೆ ಹೊಡೆದುಕೊಂಡು ಮೇವು ನೀರು ಅರಸಿ ಇದೇ ಬಯಲಲ್ಲಿ ಹಾಯುವ ಕುರುಬರಿಗೆ ಈ ಲೆಕ್ಕಾಚಾರ ಪುಸ್ತಕ ಓದದೆಯೇ ಗೊತ್ತು.

ಇಷ್ಟೆಲ್ಲ ಇರುವ ನೆಲದಲ್ಲಿ ಹಾದಿಗಳೇ ಅಳಿಯುತ್ತಿವೆ ಎಂಬುದು ನನ್ನ ಕಳವಳ. ಪ್ರತಿ ಊರಿನ ಗ್ರಾಮ ನಕಾಶೆಯಲ್ಲಿ ಬಂಡಿಹಾದಿ, ಕಾಲುಹಾದಿಗಳ ಗುರುತು ಇದೆ. ನಕಾಶೆಯಲ್ಲಿರುವ ಹಾದಿ ಊರಿನವರೆಲ್ಲರ ಹಾದಿ. ಅದನ್ನು ಉತ್ತು ಹೊಲಕ್ಕೆ ಸೇರಿಸಿಕೊಳ್ಳಲು ಯಾರಿಗೂ ಹಕ್ಕಿಲ್ಲ. ಆದರೆ ನೀರಾವರಿ ಬಂದು ನೆಲದ ಬೆಲೆ ಏರಿದಂತೆ ಗೇಣುದ್ದದ ಹಾದಿಯೂ ಕಣ್ಣಿಗೆ ಬೀಳುತ್ತದೆ. ಚಕ್ಕಡಿ ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಕಾಲುಹಾದಿಗೆ ಕೇಳುವವರಿಲ್ಲ. ನಡೆಯುವವರು ಇಲ್ಲದ ಹಾದಿಯನ್ನು ಮುಳ್ಳುಜಾಲಿ ಎರಡೇ ಮಳೆಗಾಲದಲ್ಲಿ ಮುಚ್ಚುತ್ತದೆ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹೊಲದ ನಡುವಿನ ಕಾಲುಹಾದಿಗೆ ಕೈಮರ ನೆಟ್ಟಿರುತ್ತಾರೆ. ಬೇಲಿ ದಾಟಲು ಮೆಟ್ಟಿಲು ಇಟ್ಟಿರುತ್ತಾರೆ. ಅದು ಸುಮ್ಮನೆ ಬಂದದ್ದಲ್ಲ. 1932ರ ಏಪ್ರಿಲಿನಲ್ಲಿ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಕಡೆಯ ಕಾರ್ಮಿಕರು ಜಮೀನ್ದಾರರು ಮುಚ್ಚಿದ್ದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಗುಂಪಾಗಿ ನುಗ್ಗಿದರು. ಐವರು ಜೈಲಿಗೆ ಹೋದರು. 1949ರಲ್ಲಿ ಕಾನೂನು ಬಂತು. ಕಾಲುಹಾದಿಗಳನ್ನೆಲ್ಲ ಅಧಿಕೃತ ನಕಾಶೆಯಲ್ಲಿ ದಾಖಲಿಸುವುದು ಸ್ಥಳೀಯ ಆಡಳಿತದ ಹೊಣೆಯಾಯಿತು. ನಮ್ಮಲ್ಲಿ ನಕಾಶೆ ಮೊದಲೇ ಇದೆ. ಬೇಕಾದದ್ದು ಅದನ್ನು ಹೊಲದಲ್ಲಿ ತೋರಿಸುವ ಕಲ್ಲು, ಮತ್ತು ನಡೆಯುವ ಕಾಲು.

ಎಳ್ಳಮಾಸಿಯ ದಿನ ಈ ಸೀಮೆಯ ಊರಿಗೆ ಊರೇ ಹೊಲದ ಹಾದಿ ಹಿಡಿಯುತ್ತದೆ. ತಲೆಯ ಮೇಲೆ ಬುತ್ತಿ, ಅದರಲ್ಲಿ ಸಜ್ಜಿರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗೆ. ಭೂತಾಯಿಗೆ ಚರಗ ಚೆಲ್ಲಿ, ಕರೆದವರನ್ನೂ ಕರೆಯದೆ ಬಂದವರನ್ನೂ ಕೂರಿಸಿ ಉಣ್ಣಿಸುತ್ತಾರೆ. ನಾರಾಯಣಪುರ ಸುತ್ತಲ ನಡಿಗೆಗೆ ಹೊರಡುವವರು ಆ ಹೊತ್ತಿಗೇ ಬರುವುದು ಒಳ್ಳೆಯದು. ದೀಪಾವಳಿ ಕಳೆದ ಮೇಲೆ ಎರೆನೆಲ ಆರಿ ಹಾದಿ ಗಟ್ಟಿಯಾಗಿರುತ್ತದೆ. ಜೋಳ ಎದೆಯುದ್ದ ಇರುತ್ತದೆ. ಸಂಕ್ರಾಂತಿಯವರೆಗೂ ಬಿಸಿಲು ಹಿತ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಮಾರ್ಚ್ ದಾಟಿದರೆ ಹನ್ನೊಂದಕ್ಕೇ ನೆತ್ತಿ ಸುಡುತ್ತದೆ.

ಹೊರಡುವ ಮುನ್ನ ಕಟ್ಟೆಯಿಂದ ನೀರು ಬಿಡುವ ಸುದ್ದಿ ಕೇಳಿಕೊಳ್ಳಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ನೀರಿಗಿಳಿಯಬೇಡಿ. ಅನುಮತಿ ಇಲ್ಲದೆ ಕಟ್ಟೆಯ ಮೇಲೆ ಹೋಗಬೇಡಿ. ಬೆಳೆ ನಿಂತ ಹೊಲದಲ್ಲಿ ಒಡ್ಡಿನ ಮೇಲೇ ನಡೆಯಿರಿ, ಎದುರಾದ ರೈತರನ್ನು ಮಾತಾಡಿಸಿ, ಹಾದಿ ಕೇಳಿ. ಹುಣಸಗಿ ಹಳ್ಳದ ಕಡೆ ಚೂಪಾದ ಕೆತ್ತನೆಯ ಕಲ್ಲು ಕಣ್ಣಿಗೆ ಬಿದ್ದರೆ ಬಗ್ಗಿ ನೋಡಿ, ಆದರೆ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಬಿದ್ದಿರುವ ಜಾಗವೇ ಅದರ ಅರ್ಧ ಚರಿತ್ರೆ. ಅಲ್ಲಿಂದ ಎತ್ತಿದರೆ ಬರೀ ಕಲ್ಲು.

ಹುಣಸಗಿ ತಾಲ್ಲೂಕಿನ ಪಂಚಾಯ್ತಿಗಳಿಗೆ ಒಂದು ವಿನಂತಿ ಇದೆ. ನಿಮ್ಮ ಊರಿನ ಗ್ರಾಮ ನಕಾಶೆಯ ದೊಡ್ಡ ಪ್ರತಿಯೊಂದನ್ನು ಪಂಚಾಯ್ತಿ ಗೋಡೆಗೆ ಹಚ್ಚಿ, ಕಾಲುಹಾದಿಗಳಿಗೆ ಕೆಂಪು ಗೆರೆ ಎಳೆಯಿರಿ. ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಆ ಗೆರೆಗಳ ಮೇಲೆ ನಡೆಸಿ.