ಕರೆಂಟ್ ಹೋದಾಗ ಉರಿಯುವ ದೀಪ

ವಾರ್ಡಿನ ಬಾಗಿಲಲ್ಲಿ, ಮೆಟ್ಟಿಲುಗಳ ಬಳಿ ಗೋಡೆಗೆ ಹಾಕಿರುವ ಚಿಕ್ಕ ದೀಪವನ್ನು ನೀವು ನೋಡಿರಬಹುದು. ಅದು ತುರ್ತು ದೀಪ. ಕರೆಂಟ್ ಹೋದರೆ ಜನರೇಟರ್ ಶುರುವಾಗಲು ಸ್ವಲ್ಪ ಹೊತ್ತು ಬೇಕು. ಬೆಂಕಿ ಬಿದ್ದರಂತೂ ಜನರೇಟರಿನ ವೈರೇ ಸುಟ್ಟುಹೋಗಬಹುದು. ಈ ದೀಪಕ್ಕೆ ತನ್ನದೇ ಬ್ಯಾಟರಿ ಇರುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಇಂಥ ಬೆಳಕು ಕನಿಷ್ಠ ಒಂದೂವರೆ ಗಂಟೆ ಇರಬೇಕು. ಎದ್ದು ನಡೆಯಲಾರದವರನ್ನು ಹೊತ್ತು ಇಳಿಸಲು ಸಮಯ ಹಿಡಿಯುತ್ತದಲ್ಲವೆ?

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಹಗಲಿನಲ್ಲೇ ಬೆಂಕಿ ಬಿದ್ದು 9 ಮಂದಿ ತೀರಿಕೊಂಡರು. ಹೊಗೆ ತುಂಬಿ ದಾರಿ ಕಾಣದೆ ಕೆಲವರು ಮೇಲಿನಿಂದ ಹಾರಿದ್ದರು. ರಾತ್ರಿಯಾಗಿದ್ದರೆ?

ಮೊಬೈಲ್ ಚಾರ್ಜ್ ಮಾಡಲೆಂದು ಕೆಲವರು ಈ ದೀಪದ ಪ್ಲಗ್ ಕೀಳುತ್ತಾರೆ. ಆಗ ದೀಪ, ಕರೆಂಟೇ ಹೋಯಿತೆಂದು ತಾನಾಗಿ ಉರಿದು ಬ್ಯಾಟರಿ ಖಾಲಿಯಾಗುತ್ತದೆ. ಬೇಕಾದ ದಿನ ಅದು ಹತ್ತುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ, ಅದರ ಮೇಲೆ ಟವೆಲ್ಲನ್ನೂ ಹಾಕಬೇಡಿ.

ತಿಂಗಳಿಗೊಮ್ಮೆ ಕರೆಂಟ್ ತೆಗೆದು ದೀಪಗಳನ್ನು ಪರೀಕ್ಷಿಸಬೇಕು, ವರ್ಷಕ್ಕೊಮ್ಮೆ ಪೂರ್ತಿ ಅವಧಿ ಉರಿಸಿ ನೋಡಬೇಕು. ಆಗ ಗಾಬರಿಯಾಗಬೇಡಿ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಂದು ರೋಗಿಯ ಜೊತೆ ರಾತ್ರಿ ಉಳಿಯುವವರು ಮೆಟ್ಟಿಲ ದಾರಿಯಲ್ಲಿ ಚಾಪೆ, ಬ್ಯಾಗು ಇಡಬೇಡಿ. ಕರೆಂಟ್ ಹೋದಾಗ ಯಾವುದಾದರೂ ತುರ್ತು ದೀಪ ಹತ್ತದಿದ್ದರೆ ಕೂಡಲೇ ಸಿಸ್ಟರ್‌ಗೆ ಹೇಳಿ.