ಹಲವು ಕ್ಲೌಡ್, ಒಂದೇ ಕಡಿವಾಣ

2024ರ ಮೇ ತಿಂಗಳ ಮೊದಲ ವಾರ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಸದಸ್ಯರು ತಮ್ಮ ಖಾತೆ ನೋಡಲು ಹೋದರೆ ಏನೂ ತೆರೆದುಕೊಳ್ಳಲಿಲ್ಲ. ಆರು ಲಕ್ಷಕ್ಕೂ ಹೆಚ್ಚು ಜನರ ನಿವೃತ್ತಿಯ ಹಣ ನೋಡಿಕೊಳ್ಳುವ ಸಂಸ್ಥೆ ಅದು. ಹ್ಯಾಕರ್‌ಗಳ ಕೈವಾಡವಿರಲಿಲ್ಲ, ಡೇಟಾ ಸೆಂಟರಿಗೆ ಬೆಂಕಿಯೂ ಬಿದ್ದಿರಲಿಲ್ಲ. ಗೂಗಲ್ ಕ್ಲೌಡ್‌ನಲ್ಲಿದ್ದ ಅದರ ಸರ್ವರ್‌ಗಳ ಒಂದು ದೊಡ್ಡ ಗುಂಪನ್ನು ಗೂಗಲ್‌ನದೇ ಸಾಫ್ಟ್‌ವೇರ್ ಅಳಿಸಿಹಾಕಿತ್ತು. ಒಂದು ವರ್ಷದ ಹಿಂದೆ ಆ ಗುಂಪನ್ನು ಸಿದ್ಧಪಡಿಸುವಾಗ ಗೂಗಲ್ ಸಿಬ್ಬಂದಿ ತಮ್ಮ ಒಳಬಳಕೆಯ ಟೂಲ್‌ನಲ್ಲಿ ವಿವರ ತುಂಬುವ ಒಂದು ಜಾಗವನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟರೆ ಅವಧಿ ಒಂದು ವರ್ಷ ಎಂದು ಟೂಲ್ ತಾನೇ ತೀರ್ಮಾನಿಸುತ್ತಿತ್ತು. ವರ್ಷ ತುಂಬಿತು, ಸಾಫ್ಟ್‌ವೇರ್ ತನ್ನ ಕೆಲಸ ಮುಗಿಸಿತು. ಗ್ರಾಹಕರಿಗೆ ಮುನ್ಸೂಚನೆಯೂ ಹೋಗಲಿಲ್ಲ.

ಸೇವೆ ಮತ್ತೆ ಹಳಿಗೆ ಬರಲು ಒಂದು ವಾರಕ್ಕೂ ಹೆಚ್ಚು ಹಿಡಿಯಿತು. ಗೂಗಲ್‌ನದೇ ಬೇರೆ ಸಂಗ್ರಹದಲ್ಲಿದ್ದ ಪ್ರತಿಗಳ ಜೊತೆಗೆ, ಇನ್ನೊಂದು ಕಂಪನಿಯ ಬಳಿ ಇಟ್ಟಿದ್ದ ಬ್ಯಾಕಪ್ ಆಗ ಕೈಹಿಡಿಯಿತು.

ಈ ಅಧ್ಯಾಯದ ಎರಡು ಮುಖ್ಯ ಮಾತುಗಳು ಈ ಒಂದು ಘಟನೆಯಲ್ಲೇ ಇವೆ. ಒಬ್ಬರನ್ನೇ ನಂಬಿ ಕೂರಬಾರದು ಎಂಬುದು ಮೊದಲನೆಯದು. ಹಲವು ಕಂಪನಿಗಳ ಕ್ಲೌಡ್‌ಗಳನ್ನು ಒಟ್ಟಿಗೆ ಬಳಸುವ ಬಹುಕ್ಲೌಡ್ ಏರ್ಪಾಡಿನ ಹಿಂದಿರುವ ಒಂದು ಯೋಚನೆ ಅದು. ತಾನೇ ನಡೆಯುವ ಸಾಫ್ಟ್‌ವೇರ್ ಹೇಳಿದ್ದನ್ನು ಮಾಡುತ್ತದೆಯೇ ಹೊರತು ಹೇಳದೆ ಬಿಟ್ಟದ್ದರ ಬಗ್ಗೆ ಕೇಳುವುದಿಲ್ಲ ಎಂಬುದು ಎರಡನೆಯದು. ಹಲವು ಕ್ಲೌಡ್‌ಗಳನ್ನು ಒಂದೇ ಕಡಿವಾಣದಲ್ಲಿ ಹಿಡಿಯಹೊರಟವರು ಎರಡನ್ನೂ ಒಟ್ಟಿಗೆ ನೆನಪಿಡಬೇಕು.

ಒಂದು ಸಾಲದೆ?

ಅಮೆಜಾನ್ 2006ರಲ್ಲಿ ಎಸ್3 ಎಂಬ ಸಂಗ್ರಹ ಸೇವೆಯನ್ನೂ ಇಸಿ2 ಎಂಬ ಬಾಡಿಗೆ ಸರ್ವರ್ ಸೇವೆಯನ್ನೂ ಆರಂಭಿಸಿತು. ಮೈಕ್ರೋಸಾಫ್ಟ್‌ನ ಅಜ್ಯೂರ್ 2010ರಲ್ಲಿ ಎಲ್ಲರ ಬಳಕೆಗೆ ತೆರೆದುಕೊಂಡಿತು. ಗೂಗಲ್ ತನ್ನ ಕಂಪ್ಯೂಟ್ ಎಂಜಿನ್ ಅನ್ನು 2012ರಲ್ಲಿ ಪರಿಚಯಿಸಿತು. ಮೂವರೂ ಭಾರತಕ್ಕೆ ಬಂದು ಮುಂಬೈ, ಪುಣೆ, ಚೆನ್ನೈ, ದೆಹಲಿ, ಹೈದರಾಬಾದ್‌ಗಳ ಆಸುಪಾಸಿನಲ್ಲಿ ಡೇಟಾ ಸೆಂಟರ್‌ಗಳನ್ನು ನಡೆಸುತ್ತಿದ್ದಾರೆ. ಬೆಂಗಳೂರಿನ ಕಚೇರಿಯಲ್ಲಿ ಕೂತ ಎಂಜಿನಿಯರ್ ಕೈಯಾಡಿಸುವ ಸರ್ವರ್ ಸಾಮಾನ್ಯವಾಗಿ ಇಂಥ ಇನ್ನೊಂದು ಊರಿನಲ್ಲಿರುತ್ತದೆ.

ಹೆಚ್ಚಿನ ಸಂಸ್ಥೆಗಳು ಬಹುಕ್ಲೌಡ್ ಆಗುವುದು ಯೋಜನೆ ಹಾಕಿಕೊಂಡಲ್ಲ. ಅಮೆಜಾನ್ ಬಳಸುವ ಕಂಪನಿ ಅಜ್ಯೂರ್ ಬಳಸುವ ಇನ್ನೊಂದನ್ನು ಕೊಂಡುಕೊಳ್ಳುತ್ತದೆ. ಡೇಟಾ ವಿಶ್ಲೇಷಣೆಯ ತಂಡಕ್ಕೆ ಗೂಗಲ್‌ನ ಬಿಗ್‌ಕ್ವೆರಿಯೇ ಬೇಕು. ಕಚೇರಿಯ ಇಮೇಲ್, ಲಾಗಿನ್ ಎಲ್ಲ ಮೈಕ್ರೋಸಾಫ್ಟ್‌ನಲ್ಲಿ ಮೊದಲಿನಿಂದಲೂ ಇದೆ. ಕಾನೂನಿನ ಒತ್ತಡವೂ ಉಂಟು. ಪಾವತಿಗೆ ಸಂಬಂಧಿಸಿದ ಡೇಟಾ ಭಾರತದೊಳಗೇ ಸಂಗ್ರಹವಾಗಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿತು. ಐಟಿ ಸೇವೆಗಳ ಹೊರಗುತ್ತಿಗೆ ಕುರಿತ ಅದರ 2023ರ ನಿರ್ದೇಶನದಂತೆ, ಸೇವೆ ಕೊಡುವವರನ್ನು ಬಿಟ್ಟು ಹೊರಬರುವ ದಾರಿಯನ್ನೂ ಬ್ಯಾಂಕುಗಳು ಮೊದಲೇ ಯೋಚಿಸಿಟ್ಟಿರಬೇಕು.

ಒಂದೇ ಮುಂಬೈ, ಬೇರೆ ಬೇರೆ ಹೆಸರು

ಮೂರು ಕ್ಲೌಡ್ ಇಟ್ಟುಕೊಂಡವರ ಕಷ್ಟ ಮೊದಲ ದಿನವೇ ಶುರು. ಮುಂಬೈಯನ್ನು ಅಮೆಜಾನ್ ‘ಎಪಿ-ಸೌತ್-1’ ಎಂದರೆ ಗೂಗಲ್ ‘ಏಷ್ಯಾ-ಸೌತ್1’ ಎನ್ನುತ್ತದೆ, ಅಜ್ಯೂರ್‌ಗೆ ಅದು ‘ವೆಸ್ಟ್ ಇಂಡಿಯಾ’. ಎಸ್3ಯಲ್ಲಿ ಸಂಗ್ರಹಕ್ಕೆ ‘ಮೈಸೂರು-ಲೆಕ್ಕ’ ಎಂಬಂತೆ ನಡುವೆ ಅಡ್ಡಗೆರೆ ಇಟ್ಟು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಡಬಹುದು, 63 ಅಕ್ಷರಗಳವರೆಗೂ ಬೆಳೆಸಬಹುದು. ಅಜ್ಯೂರ್‌ನ ಸ್ಟೋರೇಜ್ ಅಕೌಂಟ್‌ಗೆ ಅಡ್ಡಗೆರೆ ಒಗ್ಗುವುದಿಲ್ಲ. ಹೆಸರು 24 ಅಕ್ಷರಗಳನ್ನು ದಾಟುವಂತಿಲ್ಲ.

ಹೆಸರಿನ ವ್ಯತ್ಯಾಸವನ್ನು ಹೇಗೋ ನಿಭಾಯಿಸಬಹುದು. ಒಳರಚನೆಯ ವ್ಯತ್ಯಾಸ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅಮೆಜಾನ್‌ನಲ್ಲಿ ಗ್ರಾಹಕನ ಖಾಸಗಿ ನೆಟ್‌ವರ್ಕ್ ಒಂದು ರೀಜನ್‌ಗೆ, ಅಂದರೆ ಒಂದು ಪ್ರದೇಶದ ಡೇಟಾ ಸೆಂಟರ್‌ಗಳ ಗುಂಪಿಗೆ, ಸೀಮಿತ. ಗೂಗಲ್‌ನಲ್ಲಿ ಅದು ಜಗತ್ತಿನ ಎಲ್ಲ ರೀಜನ್‌ಗಳಿಗೂ ಹರಡಬಲ್ಲದು. ಗೂಗಲ್‌ನಲ್ಲಿ ಸಂಸ್ಥೆ, ಫೋಲ್ಡರ್, ಪ್ರಾಜೆಕ್ಟ್ ಎಂದು ಅನುಮತಿಗಳು ಮೇಲಿಂದ ಕೆಳಗೆ ಇಳಿಯುತ್ತವೆ. ಅಜ್ಯೂರ್‌ನಲ್ಲಿ ಪ್ರತಿ ಸರ್ವರ್ ಕೂಡ ಯಾವುದಾದರೊಂದು ರಿಸೋರ್ಸ್ ಗ್ರೂಪ್‌ಗೆ ಸೇರಿರಲೇಬೇಕು. ಒಂದೊಂದಕ್ಕೂ ಬೇರೆ ಕನ್ಸೋಲ್, ಬೇರೆ ಕಮಾಂಡ್‌ಗಳು, ಬೇರೆ ಬಿಲ್. ಮೂರನ್ನೂ ಅರೆದು ಕುಡಿದ ಎಂಜಿನಿಯರ್‌ಗಳು ವಿರಳ. ಅವರ ಕೆಲಸವನ್ನು ಸಾಫ್ಟ್‌ವೇರ್‌ಗೆ ಒಪ್ಪಿಸುವ ಯೋಚನೆ ಬಂದದ್ದು ಇಲ್ಲಿಂದ.

ಎರಡು ಪದರ

ಯಾವುದೇ ಕ್ಲೌಡ್‌ನಲ್ಲಿ ಎರಡು ಬಗೆಯ ಕೆಲಸ ನಡೆಯುತ್ತಿರುತ್ತದೆ. ನೀವು ರೈಲ್ವೆ ಟಿಕೆಟ್ ಹುಡುಕಿದಾಗ ಉತ್ತರ ಕೊಡುವ ಸರ್ವರ್, ಫೋಟೊ ಕಳಿಸಿಕೊಡುವ ಸಂಗ್ರಹ, ಪ್ಯಾಕೆಟ್ ಸಾಗಿಸುವ ನೆಟ್‌ವರ್ಕ್ ಎಲ್ಲ ಡೇಟಾ ಪ್ಲೇನ್. ಹೊಸ ಸರ್ವರ್ ಹುಟ್ಟಿಸುವುದು, ಹಳೆಯದನ್ನು ತೆಗೆಯುವುದು, ಯಾರಿಗೆ ಏನು ನೋಡಲು ಅನುಮತಿ ಎಂದು ನಿರ್ಧರಿಸುವುದು ಕಂಟ್ರೋಲ್ ಪ್ಲೇನ್. ಕಂಟ್ರೋಲ್ ಪ್ಲೇನ್ ಕೆಟ್ಟರೂ ಡೇಟಾ ಪ್ಲೇನ್ ನಡೆಯುತ್ತಿರಬೇಕು ಎಂಬುದು ಒಳ್ಳೆಯ ವಿನ್ಯಾಸದ ಲಕ್ಷಣ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಉತ್ತರ ವರ್ಜೀನಿಯಾ ರೀಜನ್ ತತ್ತರಿಸಿದಾಗ ಹೊಸ ಇಸಿ2 ಸರ್ವರ್‌ಗಳನ್ನು ಎಬ್ಬಿಸಲಾಗುತ್ತಿರಲಿಲ್ಲ. ಮೊದಲೇ ಎದ್ದು ಓಡುತ್ತಿದ್ದವು ಮಾತ್ರ ಓಡುತ್ತಲೇ ಇದ್ದವು.

ಪ್ರತಿ ಕ್ಲೌಡ್‌ಗೂ ತನ್ನದೇ ಕಂಟ್ರೋಲ್ ಪ್ಲೇನ್ ಇದೆ. ಬಹುಕ್ಲೌಡ್ ಏರ್ಪಾಡಿನಲ್ಲಿ ಇವೆಲ್ಲದರ ಮೇಲೆ ಗ್ರಾಹಕನೇ ಇನ್ನೊಂದನ್ನು ಕೂರಿಸುತ್ತಾನೆ. ಅದು ಮೂರೂ ಕಂಪನಿಗಳ ಎಪಿಐಗಳ (ಸಾಫ್ಟ್‌ವೇರ್‌ನಿಂದ ಆಜ್ಞೆ ಸ್ವೀಕರಿಸುವ ಬಾಗಿಲುಗಳ) ಜೊತೆ ಅವರವರ ಭಾಷೆಯಲ್ಲಿ ವ್ಯವಹರಿಸುತ್ತದೆ, ಒಡೆಯನ ಜೊತೆ ಒಂದೇ ಭಾಷೆಯಲ್ಲಿ.

ಆಜ್ಞೆಯಿಂದ ಆಶಯಕ್ಕೆ

ಮೊದಮೊದಲು ಎಲ್ಲವೂ ಕೈಕೆಲಸ. ಕನ್ಸೋಲ್ ತೆರೆದು ಗುಂಡಿ ಒತ್ತುವುದು. ಆಮೇಲೆ ಸ್ಕ್ರಿಪ್ಟ್‌ಗಳು ಬಂದವು: ಇದನ್ನು ಮಾಡು, ನಂತರ ಅದನ್ನು ಮಾಡು. ನಡುವೆ ಒಂದು ಹೆಜ್ಜೆ ತಪ್ಪಿದರೆ ಅರ್ಧ ಕಟ್ಟಿದ ಏರ್ಪಾಡು ಹಾಗೇ ಉಳಿಯುತ್ತಿತ್ತು. 2014ರಲ್ಲಿ ಹ್ಯಾಶಿಕಾರ್ಪ್ ಕಂಪನಿ ಟೆರಾಫಾರ್ಮ್ ಬಿಡುಗಡೆ ಮಾಡಿದಾಗ ಬರೆಯುವ ರೀತಿಯೇ ಬದಲಾಯಿತು. ಹೇಗೆ ಮಾಡಬೇಕು ಎನ್ನುವ ಬದಲು ಕೊನೆಗೆ ಏನಿರಬೇಕು ಎಂದು ಬರೆದರೆ ಸಾಕು. ಇರುವುದಕ್ಕೂ ಬೇಕಾದದ್ದಕ್ಕೂ ಇರುವ ಅಂತರವನ್ನು ಟೆರಾಫಾರ್ಮ್ ಲೆಕ್ಕ ಹಾಕಿ ‘ಪ್ಲಾನ್’ ತೋರಿಸುತ್ತದೆ; ಒಪ್ಪಿದರೆ ಜಾರಿ ಮಾಡುತ್ತದೆ. 2023ರ ಆಗಸ್ಟ್‌ನಲ್ಲಿ ಕಂಪನಿ ಅದರ ಲೈಸೆನ್ಸ್ ಬಿಗಿಗೊಳಿಸಿದಾಗ ಹಳೆಯ ಮುಕ್ತ ಕೋಡ್‌ನಿಂದ ಓಪನ್‌ಟೋಫು ಎಂಬ ಕವಲು ಹುಟ್ಟಿತು. ಎರಡೂ ಇಂದು ಬಳಕೆಯಲ್ಲಿವೆ.

ಟೆರಾಫಾರ್ಮ್ ಕೆಲಸ ಮಾಡುವುದು ಯಾರಾದರೂ ಓಡಿಸಿದಾಗ ಮಾತ್ರ. ಸೋಮವಾರ ಓಡಿಸಿದಿರಿ, ಬುಧವಾರ ಯಾರೋ ಅವಸರದಲ್ಲಿ ಕನ್ಸೋಲ್‌ಗೆ ಹೋಗಿ ಫೈರ್‌ವಾಲ್‌ನ ಒಂದು ಬಾಗಿಲು ತೆರೆದರು. ಮತ್ತೆ ಓಡಿಸುವವರೆಗೆ ಬರಹ ಒಂದು ಹೇಳುತ್ತದೆ, ವಾಸ್ತವ ಇನ್ನೊಂದಿರುತ್ತದೆ. ಎಂಜಿನಿಯರ್‌ಗಳು ಇದನ್ನು ‘ಡ್ರಿಫ್ಟ್’ ಎನ್ನುತ್ತಾರೆ.

ಕ್ಯುಬರ್ನೆಟೀಸ್ ಈ ಕೊರತೆಯನ್ನು ನೀಗಿಸಿತು. ಗೂಗಲ್ ತನ್ನ ಒಳಗೆ ವರ್ಷಗಳಿಂದ ಬಳಸುತ್ತಿದ್ದ ಬೋರ್ಗ್ ಎಂಬ ವ್ಯವಸ್ಥೆಯ ಅನುಭವದ ಮೇಲೆ ಕಟ್ಟಿ 2014ರಲ್ಲಿ ಮುಕ್ತವಾಗಿ ಹೊರಬಿಟ್ಟ ಸಾಫ್ಟ್‌ವೇರ್ ಇದು. ಇದರ ಜೀವಾಳ ಕಂಟ್ರೋಲರ್ ಎಂಬ ಸಣ್ಣ ಪ್ರೋಗ್ರಾಂ. ಮನೆಯ ತಾರಸಿಯ ಟ್ಯಾಂಕ್‌ಗೆ ಹಾಕಿಸುವ ಆಟೊಮ್ಯಾಟಿಕ್ ಮೋಟರ್ ಸ್ವಿಚ್‌ನಂತೆ ಅದರ ನಡೆ: ನೀರು ಇಳಿದರೆ ಮೋಟರ್ ಹಚ್ಚುತ್ತದೆ, ತುಂಬಿದರೆ ಆರಿಸುತ್ತದೆ, ನೀರು ಏಕೆ ಇಳಿಯಿತೆಂದು ಕೇಳುವುದಿಲ್ಲ. ಬೇಕಾದ ಸ್ಥಿತಿ ಎಟ್‌ಸಿಡಿ ಎಂಬ ಡೇಟಾಬೇಸ್‌ನಲ್ಲಿ ದಾಖಲಾಗಿರುತ್ತದೆ. ಕಂಟ್ರೋಲರ್ ಇರುವ ಸ್ಥಿತಿಯನ್ನು ನೋಡುತ್ತದೆ, ಎರಡನ್ನೂ ಹೋಲಿಸುತ್ತದೆ, ಅಂತರ ಕಂಡರೆ ಸರಿಪಡಿಸುತ್ತದೆ, ಮತ್ತೆ ನೋಡುತ್ತದೆ. ಈ ಸುತ್ತು ನಿಲ್ಲುವುದಿಲ್ಲ. ಇದಕ್ಕೆ ‘ರೀಕನ್ಸಿಲಿಯೇಶನ್’ ಎಂದು ಹೆಸರು.

ಕ್ರಾಸ್‌ಪ್ಲೇನ್ ಮಾಡುವ ಕೆಲಸ

ಕ್ಯುಬರ್ನೆಟೀಸ್ ಹುಟ್ಟಿದ್ದು ಕಂಟೇನರ್‌ಗಳನ್ನು, ಅಂದರೆ ಡಬ್ಬಿಯಂತೆ ಕಟ್ಟಿಟ್ಟ ಆ್ಯಪ್‌ಗಳನ್ನು, ನಡೆಸಲು. ಅದಕ್ಕೆ ಹೊಸ ಬಗೆಯ ವಸ್ತುಗಳನ್ನು ಕಲಿಸುವ ಸೌಕರ್ಯ 2017ರಲ್ಲಿ ಬಂದಾಗ ದಾರಿ ತೆರೆಯಿತು. ಕಂಟೇನರ್‌ಗಳನ್ನು ಕಾಯುವ ಸುತ್ತು ಡೇಟಾಬೇಸ್, ನೆಟ್‌ವರ್ಕ್, ಅನುಮತಿಗಳನ್ನೂ ಏಕೆ ಕಾಯಬಾರದು? ಈ ಪ್ರಶ್ನೆ ಹಿಡಿದು ಹೊರಟದ್ದು ಅಪ್‌ಬೌಂಡ್ ಕಂಪನಿ 2018ರ ಕೊನೆಯಲ್ಲಿ ಪ್ರಕಟಿಸಿದ ಕ್ರಾಸ್‌ಪ್ಲೇನ್. 2020ರಲ್ಲಿ ಅದು ಕ್ಯುಬರ್ನೆಟೀಸ್‌ಗೂ ಆಸರೆಯಾಗಿರುವ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ನ ಆಶ್ರಯಕ್ಕೆ ಸೇರಿತು.

ಅದರ ಕೆಲಸವನ್ನು ಒಂದು ಉದಾಹರಣೆಯಿಂದ ನೋಡೋಣ. ಆ್ಯಪ್ ಬರೆಯುವವರಿಗೆ ಒಂದು ಡೇಟಾಬೇಸ್ ಬೇಕು. ಅವರು ಕೆಲವೇ ಸಾಲುಗಳ ಫೈಲ್ ಬರೆಯುತ್ತಾರೆ: ಪೋಸ್ಟ್‌ಗ್ರೆಸ್, 20 ಜಿಬಿ, ಊರು ಮುಂಬೈ. ಇದನ್ನು ಅಮೆಜಾನ್‌ನ ಆರ್‌ಡಿಎಸ್ ಆಗಿಸಬೇಕೋ ಗೂಗಲ್‌ನ ಕ್ಲೌಡ್ ಎಸ್‌ಕ್ಯುಎಲ್ ಆಗಿಸಬೇಕೋ, ಪಾಸ್‌ವರ್ಡ್ ಎಲ್ಲಿ ಅಡಗಿಸಬೇಕು, ಬ್ಯಾಕಪ್ ಎಷ್ಟು ದಿನ ಇಡಬೇಕು, ಯಾವ ನೆಟ್‌ವರ್ಕ್‌ನೊಳಗೆ ಕೂರಿಸಬೇಕು ಎಂಬುದನ್ನೆಲ್ಲ ಸಂಸ್ಥೆಯ ಪ್ಲಾಟ್‌ಫಾರ್ಮ್ ತಂಡ ಮೊದಲೇ ‘ಕಾಂಪೊಸಿಷನ್’ ಎಂಬ ಅಚ್ಚಿನಲ್ಲಿ ಬರೆದಿಟ್ಟಿರುತ್ತದೆ. ಆಯಾ ಕ್ಲೌಡ್‌ನ ಎಪಿಐ ಬಲ್ಲ ‘ಪ್ರೊವೈಡರ್’ ಎಂಬ ಭಾಗ ಅದನ್ನು ನಿಜವಾಗಿಸುತ್ತದೆ. ಬುಧವಾರ ಯಾರಾದರೂ ಕನ್ಸೋಲ್‌ಗೆ ಹೋಗಿ ಬಾಗಿಲು ತೆರೆದಿಟ್ಟರೆ ಮುಂದಿನ ಸುತ್ತಿನಲ್ಲಿ ಅದು ತಾನೇ ಮುಚ್ಚಿಕೊಳ್ಳುತ್ತದೆ.

ಇದೊಂದೇ ದಾರಿಯಲ್ಲ. ಗೂಗಲ್‌ನ ಕಾನ್ಫಿಗ್ ಕನೆಕ್ಟರ್, ಅಜ್ಯೂರ್ ಸರ್ವಿಸ್ ಆಪರೇಟರ್, ಅಮೆಜಾನ್‌ನ ಎಸಿಕೆ ಇದೇ ತತ್ವದ ಮೇಲೆ ತಮ್ಮತಮ್ಮ ಕ್ಲೌಡ್‌ಗಷ್ಟೇ ಕೆಲಸ ಮಾಡುತ್ತವೆ. ಬೇಕಾದ ಸ್ಥಿತಿಯ ಫೈಲ್‌ಗಳನ್ನು ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿಟ್ಟು, ಓದಿ ಒಪ್ಪಿದ ಮೇಲೆಯೇ ಜಾರಿಗೆ ಬಿಡುವ ಪದ್ಧತಿಗೆ ಗಿಟ್‌ಆಪ್ಸ್ ಎನ್ನುತ್ತಾರೆ. ಆರ್ಗೊ ಸಿಡಿ, ಫ್ಲಕ್ಸ್ ಅದಕ್ಕಾಗಿಯೇ ಇರುವ ಸಾಧನಗಳು.

ಖಾಲಿ ಜಾಗದ ಅಪಾಯ

ಈಗ ಯೂನಿಸೂಪರ್ ಪ್ರಕರಣದ ಪಕ್ಕದಲ್ಲಿ ಇನ್ನೆರಡನ್ನು ಇಟ್ಟು ನೋಡಿ.

2025ರ ಜೂನ್ 12ರಂದು ಗೂಗಲ್ ಕ್ಲೌಡ್ ಜಗತ್ತಿನಾದ್ಯಂತ ಗಂಟೆಗಟ್ಟಲೆ ನರಳಿತು. ಪ್ರತಿ ಎಪಿಐ ಕೋರಿಕೆಗೂ ಅನುಮತಿ ಪರೀಕ್ಷಿಸುವ ಅದರ ಸರ್ವಿಸ್ ಕಂಟ್ರೋಲ್ ಎಂಬ ಭಾಗಕ್ಕೆ ಎರಡು ವಾರ ಹಿಂದೆ ಹೊಸ ಕೋಡ್ ಸೇರಿತ್ತು. ಆ ದಿನ ಬಂದ ಒಂದು ನಿಯಮಾವಳಿಯಲ್ಲಿ ಕೆಲವು ವಿವರಗಳು ಖಾಲಿಯಿದ್ದವು. ಖಾಲಿ ಬಂದರೆ ಏನು ಮಾಡಬೇಕೆಂದು ಕೋಡ್‌ನಲ್ಲಿ ಬರೆದಿರಲಿಲ್ಲ. ನಿಯಮಾವಳಿ ಕೆಲವೇ ಸೆಕೆಂಡುಗಳಲ್ಲಿ ಎಲ್ಲ ರೀಜನ್‌ಗಳಿಗೂ ಹಬ್ಬಿತು. ಸಾಫ್ಟ್‌ವೇರ್ ಎಲ್ಲೆಡೆ ಕುಸಿಯುತ್ತ, ಎದ್ದು ಮತ್ತೆ ಕುಸಿಯುತ್ತ ಹೋಯಿತು.

ಅಕ್ಟೋಬರ್ 20ರ ಅಮೆಜಾನ್ ಪ್ರಕರಣದಲ್ಲಿ ಡೈನಮೊಡಿಬಿ ಡೇಟಾಬೇಸ್‌ನ ವಿಳಾಸಗಳನ್ನು ನೋಡಿಕೊಳ್ಳುವ ಸ್ವಯಂಚಾಲಿತ ಏರ್ಪಾಡೇ ಎಡವಿತು. ಪ್ಲಾನ್ ಜಾರಿ ಮಾಡುವ ಒಂದು ಪ್ರೋಗ್ರಾಂ ತಡವಾಗಿ ಬಂದು ಹೊಸ ಪ್ಲಾನ್ ಮೇಲೆ ಹಳೆಯದನ್ನು ಹೇರಿತು. ಹಳೆಯ ಪ್ಲಾನ್‌ಗಳನ್ನು ಗುಡಿಸುವ ಇನ್ನೊಂದು, ಅದೇ ಹೊತ್ತಿಗೆ ಅದನ್ನು ಕಸವೆಂದು ಅಳಿಸಿತು. ಡಿಎನ್‌ಎಸ್ ದಾಖಲೆ ಖಾಲಿಯಾಯಿತು. ಡೈನಮೊಡಿಬಿಯ ಹೆಸರಿಗೆ ವಿಳಾಸವೇ ಇಲ್ಲದಾಯಿತು. ತನ್ನ ಗಂಟನ್ನು ತಾನೇ ಬಿಡಿಸಿಕೊಳ್ಳಲು ಏರ್ಪಾಡಿಗೆ ಆಗಲಿಲ್ಲ, ಮನುಷ್ಯರು ಕೈಹಾಕಬೇಕಾಯಿತು.

ಮೂರು ಪ್ರಕರಣಗಳಲ್ಲೂ ಅನಾಹುತದ ಬಾಯಲ್ಲಿ ನಿಂತಿದ್ದದ್ದು ಒಂದು ಖಾಲಿ ಜಾಗ. ಅರ್ಜಿಯಲ್ಲಿ ಒಂದು ಕಾಲಂ ಬರಿದಾಗಿದ್ದರೆ ಗುಮಾಸ್ತ ತಲೆಯೆತ್ತಿ ‘ಇದೇನು ಸ್ವಾಮಿ?’ ಎನ್ನುತ್ತಾನೆ. ಕಂಟ್ರೋಲ್ ಪ್ಲೇನ್ ಖಾಲಿಯನ್ನೂ ಒಂದು ಆಜ್ಞೆಯಾಗಿ ಓದಬಲ್ಲದು. ಓದಿ, ಮನುಷ್ಯ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಕಡೆ ಜಾರಿ ಮಾಡಬಲ್ಲದು. ಮೂರು ಕ್ಲೌಡ್‌ಗಳ ಬೀಗದ ಕೈಯನ್ನು ಒಂದೇ ಕಂಟ್ರೋಲ್ ಪ್ಲೇನ್‌ಗೆ ಕೊಟ್ಟರೆ ಒಂದು ತಪ್ಪು ಮೂರಕ್ಕೂ ಹಬ್ಬಬಹುದು. ಯಾವ ಅಪಾಯಕ್ಕೆ ಹೆದರಿ ಬಹುಕ್ಲೌಡ್‌ಗೆ ಹೋದೆವೋ ಅದನ್ನೇ ಹಿಂಬಾಗಿಲಿನಿಂದ ಕರೆತಂದಂತೆ.

ಬ್ರೇಕ್‌ಗಳು

ಹಾಗಾಗಿ ಅನುಭವಸ್ಥ ತಂಡಗಳು ವೇಗಕ್ಕಿಂತ ಮೊದಲು ಬ್ರೇಕ್ ನೋಡುತ್ತವೆ. ಡೇಟಾಬೇಸ್‌ಗಳಿಗೆ ಅಳಿಸುವಿಕೆ ತಡೆಯನ್ನು ಕ್ಲೌಡ್‌ನಲ್ಲೇ ಹಾಕಿಡುತ್ತವೆ. ಫೈಲ್ ತೆಗೆದುಹಾಕಿದರೂ ಅಸಲು ಡೇಟಾಬೇಸ್ ಉಳಿಯುವಂತೆ ಕ್ರಾಸ್‌ಪ್ಲೇನ್‌ಗೆ ಹೇಳಬಹುದು. ಒಂದು ವಸ್ತುವಿನ ಮೇಲಿನ ಸುತ್ತನ್ನು ತಾತ್ಕಾಲಿಕವಾಗಿ ನಿಲ್ಲಿಸಲೂಬಹುದು. ಖಾಲಿ ಬಿಟ್ಟ ಅಥವಾ ನಿಯಮ ಮೀರಿದ ಫೈಲ್‌ಗಳನ್ನು ಕೈವರ್ನೊ, ಒಪಿಎಯಂಥ ಸಾಧನಗಳು ಬಾಗಿಲಲ್ಲೇ ತಡೆಯುತ್ತವೆ. ಬದಲಾವಣೆಯನ್ನು ಮೊದಲು ಒಂದು ರೀಜನ್‌ಗೆ ಬಿಟ್ಟು, ಕಾದು ನೋಡಿ, ಮುಂದಿನದಕ್ಕೆ ಹೋಗಬೇಕು. ವರ್ಷಗಟ್ಟಲೆ ಬಾಳುವ ಗುಟ್ಟಿನ ಕೀಲಿಗಳ ಬದಲು ಸ್ವಲ್ಪ ಹೊತ್ತಿಗೆ ಸಾಯುವ ಟೋಕನ್‌ಗಳನ್ನು ಕೊಡಬೇಕು. ಬ್ಯಾಕಪ್ ಇರುವ ಖಾತೆಯ ಕೀಲಿಯನ್ನಂತೂ ಈ ಕಂಟ್ರೋಲ್ ಪ್ಲೇನ್‌ಗೆ ಕೊಡಲೇಬಾರದು.

ಯಾರಿಗೆ ಬೇಕು?

ಕಂಟ್ರೋಲ್ ಪ್ಲೇನ್ ನಿರ್ವಹಣೆಯನ್ನು ಏಕರೂಪಕ್ಕೆ ತರುತ್ತದೆ, ಕ್ಲೌಡ್‌ಗಳನ್ನು ಏಕರೂಪಕ್ಕೆ ತರುವುದಿಲ್ಲ. ಬಿಗ್‌ಕ್ವೆರಿಗೆಂದು ಬರೆದ ಪ್ರೋಗ್ರಾಂ ಅಜ್ಯೂರ್‌ನಲ್ಲಿ ಹಾಗೇ ಓಡದು. ಒಂದು ಕ್ಲೌಡ್‌ನಿಂದ ಇನ್ನೊಂದಕ್ಕೆ ದಿನವೂ ಡೇಟಾ ಸಾಗಿಸಿದರೆ ಸಾಮಾನ್ಯವಾಗಿ ಅದಕ್ಕೆ ಬೇರೆ ಬಿಲ್ ಬರುತ್ತದೆ. 2024ರಲ್ಲಿ ಮೂರೂ ಕಂಪನಿಗಳು ಸಾಗಣೆ ಶುಲ್ಕ ಮನ್ನಾ ಮಾಡಿದ್ದು ಪೂರ್ತಿಯಾಗಿ ಬಿಟ್ಟುಹೋಗುವವರಿಗೆ. ಇದರ ಜೊತೆಗೆ ಕ್ಯುಬರ್ನೆಟೀಸ್ ಅನ್ನು ಸಾಕಲು ನುರಿತ ಜನ ಬೇಕು; ಕಂಟ್ರೋಲ್ ಪ್ಲೇನ್ ಕೂಡ ಎಲ್ಲೋ ಒಂದು ಕಡೆ ಓಡಲೇಬೇಕು, ಅದಕ್ಕೂ ಬ್ಯಾಕಪ್ ಬೇಕು.

ಹತ್ತಾರು ತಂಡಗಳು, ನೂರಾರು ಡೇಟಾಬೇಸ್‌ಗಳು, ಕಾನೂನಿನ ಕಟ್ಟುಪಾಡು ಇರುವ ಬ್ಯಾಂಕ್, ವಿಮಾ ಕಂಪನಿ, ದೊಡ್ಡ ವ್ಯಾಪಾರ ಸಂಸ್ಥೆಗಳಿಗೆ ಈ ಖರ್ಚು ಹುಟ್ಟುತ್ತದೆ. ಐದಾರು ಜನರ ಕಂಪನಿಗೆ ಹುಟ್ಟುವುದಿಲ್ಲ. ಅವರಿಗೆ ಒಂದು ಕ್ಲೌಡ್, ಟೆರಾಫಾರ್ಮ್ ಅಥವಾ ಓಪನ್‌ಟೋಫುವಿನ ಕೆಲವು ಫೈಲ್‌ಗಳು, ಬೇರೆ ಕಂಪನಿಯ ಬಳಿ ಒಂದು ಬ್ಯಾಕಪ್ ಸಾಕು. ಸಂಸ್ಥೆ ಸಣ್ಣದಿರಲಿ ದೊಡ್ಡದಿರಲಿ, ಆ ಬ್ಯಾಕಪ್‌ನಿಂದ ಎಲ್ಲವನ್ನೂ ಮತ್ತೆ ಎಬ್ಬಿಸಿ ನೋಡುವ ಅಭ್ಯಾಸವನ್ನು ಈ ವರ್ಷವೇ ಒಮ್ಮೆ ಮಾಡಿ. ಯಾವ ಕಂಟ್ರೋಲ್ ಪ್ಲೇನ್ ಕೊಳ್ಳಬೇಕೆಂಬ ಚರ್ಚೆ ಆಮೇಲೆ ಇಟ್ಟುಕೊಳ್ಳಿ.